ಜಯದೇವ ಮೆಟ್ರೋ ನಿಲ್ದಾಣ: ಎತ್ತರ ಮತ್ತು ಅಗತ್ಯ



ಜಯದೇವ ಆಸ್ಪತ್ರೆ ಮೆಟ್ರೋ ನಿಲ್ದಾಣವನ್ನು ತಾವೆಲ್ಲ ನೋಡಿರುತ್ತೀರಿ. ಅಲ್ಲಿ ಮೊದಲೊಂದು ಮೇಲ್ಸೇತುವೆ ಇತ್ತು. ಎರಡು ದಶಕ ತುಂಬುವ ಮೊದಲೇ, 2020ರಲ್ಲಿ, ಮೆಟ್ರೋಗಾಗಿ ಅದನ್ನು ಕೆಡವಿದರು. ಕಟ್ಟುವಾಗಲೇ ಮುಂದಾಲೋಚನೆ ಇದ್ದಿದ್ದರೆ ಸಾರ್ವಜನಿಕರ ಹಣ ಉಳಿಯುತ್ತಿತ್ತು.

ಹೊಸ ಕಟ್ಟಡದಲ್ಲಿ ಆ ಯೋಚನೆ ಕಾಣುತ್ತದೆ. ರಾಗಿಗುಡ್ಡದಿಂದ ಸೆಂಟ್ರಲ್ ಸಿಲ್ಕ್ ಬೋರ್ಡ್‌ವರೆಗೆ, ಸುಮಾರು 3.3 ಕಿ.ಮೀ. ಉದ್ದಕ್ಕೆ, ಒಂದೇ ಕಂಬದ ಸಾಲು ಕೆಳಗೆ ವಾಹನಗಳ ಸೇತುವೆಯನ್ನೂ ಮೇಲೆ ರೈಲು ಹಳಿಯನ್ನೂ ಹೊತ್ತಿದೆ. ಕಾಳೇನ ಅಗ್ರಹಾರ–ನಾಗವಾರ ಮಾರ್ಗವೂ ಇಲ್ಲೇ ಅಡ್ಡ ಹಾಯುವಂತೆ ಯೋಜಿಸಿದ್ದರಿಂದ ನಿಲ್ದಾಣಕ್ಕೆ ಅಷ್ಟು ಎತ್ತರ. ಆರ್.ವಿ. ರಸ್ತೆ–ಬೊಮ್ಮಸಂದ್ರ ಹಳದಿ ಮಾರ್ಗದಲ್ಲಿ ರೈಲು ಓಡಿದ್ದು 2025ರ ಆಗಸ್ಟ್‌ನಲ್ಲಿ. ಅದೂ ಆರಂಭದಲ್ಲಿ 25 ನಿಮಿಷಕ್ಕೊಂದು!

ಪಕ್ಕದಲ್ಲೇ ಇರುವುದು ಹೃದ್ರೋಗಿಗಳ ಆಸ್ಪತ್ರೆ. ನಾಡಿನ ಮೂಲೆಮೂಲೆಯಿಂದ ಬಡವರು ಬರುವ ಜಾಗ. ಎದೆನೋವಿನವರನ್ನು ಅಷ್ಟೆತ್ತರದ ಮೆಟ್ಟಿಲು ಹತ್ತಿಸಲಾದೀತೇ? ಇಲ್ಲಿ ಲಿಫ್ಟ್ ಎಂಬುದು ಅನುಕೂಲವಲ್ಲ, ಅಗತ್ಯ. ಇಂಜಿನಿಯರಿಂಗ್ ಓದುತ್ತಿರುವ ಮಕ್ಕಳೇ, ಒಂದು ಭಾನುವಾರ ಹೋಗಿ ಬನ್ನಿ. ರೈಲಿನ ಬಾಗಿಲಿನಿಂದ ಆಸ್ಪತ್ರೆಯ ಗೇಟಿನವರೆಗೆ ಗಾಲಿಕುರ್ಚಿಯೊಂದು ಸಲೀಸಾಗಿ ಹೋಗುತ್ತದೆಯೇ, ಹೋಗದಿದ್ದರೆ ಎಲ್ಲಿ ತಡೆಯುತ್ತದೆ ಎಂಬುದನ್ನು ಬರೆದು ತಂದುಕೊಡಿ.