ಮರಳಿ ಬರುವ ಕಾಯಿಲೆಯೊಡನೆ ಬದುಕು

(ರೋಗಿಗಳು ಹಾಗೂ ಅವರ ಬಂಧುಗಳ ಸಭೆಯಲ್ಲಿ ನಿವೃತ್ತ ಶಾಲಾ ಶಿಕ್ಷಕಿಯೊಬ್ಬರು ಮಾಡಿದ ಭಾಷಣ)

ವೈದ್ಯರೇ, ಶುಶ್ರೂಷಕಿಯರೇ, ನನ್ನ ಹಾಗೆ ಕೈಯಲ್ಲಿ ಫೈಲು ಹಿಡಿದು ಬಂದಿರುವ ಬಂಧುಗಳೇ, ಅವರ ಜೊತೆಗೆ ಬಂದು ಹೊರಗಿನ ಬೆಂಚಿನ ಮೇಲೆ ದಿನವಿಡೀ ಕಾಯುವ ತಾಯಂದಿರೇ, ಅಣ್ಣತಮ್ಮಂದಿರೇ,

ಕ್ಯಾನ್ಸರನ್ನು ಗೆದ್ದವರ ಮಾತುಗಳನ್ನು ನೀವು ಕೇಳಿರುತ್ತೀರಿ. ನಾನು ಗೆದ್ದವಳಲ್ಲ, ಸೋತವಳೂ ಅಲ್ಲ. ನನ್ನದು ಅಂಡಾಶಯದ ಕ್ಯಾನ್ಸರ್. ಮೊದಲ ಸಲ ಗೊತ್ತಾದದ್ದು 2016ರಲ್ಲಿ. 2020ರಲ್ಲಿ ಮರಳಿತು, 2023ರಲ್ಲಿ ಮತ್ತೆ ಬಂತು, 2025ರಲ್ಲಿ ಇನ್ನೊಮ್ಮೆ. ಅಂತರ ನಾಲ್ಕು ವರ್ಷ, ಮೂರು ವರ್ಷ, ಎರಡು ವರ್ಷ ಎಂದು ಇಳಿಯುತ್ತ ಬಂದಿದೆ. ಮೂವತ್ತೊಂದು ವರ್ಷ ಮಕ್ಕಳಿಗೆ ಗಣಿತ ಕಲಿಸಿದವಳು ನಾನು. ಈ ಲೆಕ್ಕ ನನಗೆ ತಿಳಿಯುವುದಿಲ್ಲವೇ? ತಿಳಿಯುತ್ತದೆ. ತಿಳಿದುಕೊಂಡೇ ನಿಮ್ಮ ಮುಂದೆ ನಿಂತಿದ್ದೇನೆ.

ಈ ಕಾಯಿಲೆ ಬೇಗ ಗುರುತಿಗೆ ಸಿಗುವುದಿಲ್ಲ. ಹೊಟ್ಟೆ ಉಬ್ಬರ, ಎರಡು ತುತ್ತಿಗೇ ಹೊಟ್ಟೆ ತುಂಬುವುದು, ಪದೇ ಪದೇ ಮೂತ್ರಕ್ಕೆ ಹೋಗುವುದು. ಇದನ್ನು ನಾವು ಹೆಂಗಸರು ಗ್ಯಾಸು ಎಂದು ತಿಳಿದು ಓಮಿನ ಕಾಳು ತಿಂದು ಸುಮ್ಮನಾಗುತ್ತೇವೆ. ಅಷ್ಟರಲ್ಲಿ ಅದು ಹೊಟ್ಟೆಯೊಳಗೆ ಹರಡಿರುತ್ತದೆ. ಹಾಗೆ ಹರಡಿದ ಮೇಲೆ ಆಪರೇಷನ್ ಆದರೂ, ಕೀಮೋ ಕೊಟ್ಟರೂ ಅನೇಕರಲ್ಲಿ ಅದು ಮರಳಿ ಬರುತ್ತದೆ. ಮರಳಿ ಬಂತೆಂದರೆ ಎಲ್ಲವೂ ಮುಗಿಯಿತೆಂದು ನಮ್ಮ ಮನೆಯವರೂ ಅಂದುಕೊಂಡಿದ್ದರು. ಆಗ ವೈದ್ಯರು ಹೇಳಿದ್ದು ಇದು: ಹಿಂದಿನ ಚಿಕಿತ್ಸೆ ಮುಗಿದು ಆರು ತಿಂಗಳಿಗಿಂತ ಹೆಚ್ಚು ಕಾಲ ಕಳೆದಿದ್ದರೆ ಅದೇ ಜಾತಿಯ ಔಷಧಿ ಮತ್ತೆ ಕೆಲಸ ಮಾಡುವ ಸಂಭವ ಚೆನ್ನಾಗಿದೆ. ಬೇರು ಕಿತ್ತು ಹಾಕುವುದು ಆಗದಿದ್ದರೂ ಹತೋಟಿಯಲ್ಲಿಟ್ಟುಕೊಂಡು ಬಾಳಬಹುದು. ಸಕ್ಕರೆ ಕಾಯಿಲೆಯವರು, ಬಿ.ಪಿ. ಇರುವವರು ಹಾಗೆ ಬಾಳುತ್ತಿಲ್ಲವೇ? ಅವರಿಗೂ ನಮಗೂ ಒಂದು ವ್ಯತ್ಯಾಸವಿದೆ, ಅದನ್ನು ಮುಚ್ಚಿಡುವುದಿಲ್ಲ. ನಮ್ಮ ಹಗ್ಗ ಗಿಡ್ಡ.

ಗಿಡ್ಡ ಹಗ್ಗದಿಂದ ನೀರು ಸೇದುವುದು ಹೇಗೆ? ಅದನ್ನಷ್ಟೇ ಹೇಳುತ್ತೇನೆ.

ಮೂರು ತಿಂಗಳಿಗೊಮ್ಮೆ ಸಿಎ 125 ಎಂಬ ರಕ್ತ ಪರೀಕ್ಷೆ ಮಾಡಿಸುತ್ತಾರೆ. 35ರ ಒಳಗಿದ್ದರೆ ಸಾಮಾನ್ಯ. ಆ ಪರೀಕ್ಷೆಯ ಹಿಂದಿನ ವಾರ ನಿದ್ರೆ ಬರುವುದಿಲ್ಲ. ಹತ್ತು ವರ್ಷವಾದರೂ ಬರುತ್ತಿಲ್ಲ. ಧೈರ್ಯ ತಂದುಕೊಳ್ಳಿ ಎಂದು ಯಾರಾದರೂ ಹೇಳಿದರೆ, ಆ ವಾರ ನನಗೆ ಸಿಟ್ಟೇ ಬರುತ್ತದೆ. ಅದಕ್ಕೆ ನಮ್ಮ ಯಜಮಾನರು ಒಂದು ಉಪಾಯ ಹುಡುಕಿದರು. ಆ ವಾರ ಮನೆಯಲ್ಲಿ ಕೈತುಂಬ ಕೆಲಸ ಇಟ್ಟುಕೊಳ್ಳುವುದು. ಹಪ್ಪಳ ಹಚ್ಚುವುದು, ಶೇಂಗಾ ಸುಲಿಯುವುದು, ಕೌದಿ ಹೊಲಿಯುವುದು. ನಮ್ಮ ಮನೆಯಲ್ಲಿ ಈಗ ಹದಿನಾಲ್ಕು ಕೌದಿಗಳಿವೆ!

ಜೊತೆಗೆ ಬಂದಿರುವ ಬಂಧುಗಳಿಗೆ ಒಂದು ಮಾತು. ರೋಗಿಯ ಕೈಯಿಂದ ಎಲ್ಲ ಕೆಲಸ ಕಸಿದುಕೊಳ್ಳಬೇಡಿ. 2020ರಲ್ಲಿ ನನ್ನ ಸೊಸೆ, ಪಾಪ, ಪ್ರೀತಿಯಿಂದಲೇ, "ಅತ್ತೀ, ನೀವು ಸುಮ್ಮ ಕುಂದರ್ರಿ, ನಾ ಮಾಡ್ತೀನಿ" ಎಂದು ಕೈಯಲ್ಲಿದ್ದ ಮೊರವನ್ನೂ ತೆಗೆದುಕೊಳ್ಳುತ್ತಿದ್ದಳು. ನಾಲ್ಕು ದಿನ ಸುಮ್ಮನೆ ಕುಳಿತೆ. ಐದನೆಯ ದಿನ ಅಂದೆ: "ತಂಗೀ, ಕುಂತು ಕುಂತು ನಾ ಈಗಲೇ ಫೋಟೋ ಆಗೀನಿ. ಹಾರ ಒಂದು ಹಾಕೋದು ಬಾಕಿ ಐತಿ ನೋಡು." ಇಬ್ಬರೂ ನಕ್ಕೆವು, ಆಮೇಲೆ ಇಬ್ಬರೂ ಅತ್ತೆವು. ಅಂದಿನಿಂದ ಪಲ್ಯ ಹೆಚ್ಚುವುದು ನನ್ನ ಪಾಲು, ಮೊಮ್ಮಗಳ ಮಗ್ಗಿಯೂ ನನ್ನ ಪಾಲು.

ಇನ್ನೊಂದು, "ಅಮ್ಮನಿಗೆ ಹೇಳಬೇಡಿ" ಎಂದು ಡಾಕ್ಟರ ಕಿವಿಯಲ್ಲಿ ಪಿಸುಗುಟ್ಟುವುದು. ಅಮ್ಮನಿಗೆ ಎಲ್ಲವೂ ಗೊತ್ತಿರುತ್ತದೆ. ನಿಮ್ಮ ಮುಖವೇ ಅವಳಿಗೆ ರಿಪೋರ್ಟು. ಮುಚ್ಚಿಟ್ಟರೆ ಅವಳೊಬ್ಬಳೇ ಆ ಭಾರ ಹೊರಬೇಕಾಗುತ್ತದೆ, ನಿಮ್ಮ ಹತ್ತಿರ ಹೇಳಿಕೊಳ್ಳುವ ದಾರಿಯೂ ಇಲ್ಲದಂತಾಗುತ್ತದೆ. ಎಷ್ಟು ಕೇಳಬೇಕೆಂಬುದನ್ನು ರೋಗಿಯೇ ನಿರ್ಧರಿಸಲಿ.

ನೋಡಲು ಬರುವವರಲ್ಲಿ ಕೆಲವರು, "ಯಾವ ಜನ್ಮದ ಪಾಪವೋ" ಎಂದು ನಿಟ್ಟುಸಿರು ಬಿಡುತ್ತಾರೆ. ಅವರಿಗೆ ನಾನು ಕೇಳುವುದಿಷ್ಟೆ. ಶ್ರೀ ರಾಮಕೃಷ್ಣ ಪರಮಹಂಸರು 1886ರಲ್ಲಿ ದೇಹ ಬಿಟ್ಟದ್ದು ಗಂಟಲಿನ ಕ್ಯಾನ್ಸರಿನಿಂದ. ರಮಣ ಮಹರ್ಷಿಗಳ ಎಡತೋಳಿನ ಗಡ್ಡೆಯನ್ನು 1949ರಲ್ಲಿ ತೆಗೆದರು, ಮತ್ತೆ ಬಂತು, ಮತ್ತೆ ತೆಗೆದರು, ಮತ್ತೆ ಬಂತು. ನಾಲ್ಕು ಶಸ್ತ್ರಚಿಕಿತ್ಸೆಗಳಾದವು. 1950ರ ಏಪ್ರಿಲ್ 14ರಂದು ಅವರು ದೇಹ ಬಿಟ್ಟರು. ಬಂದವರಿಗೆ ದರ್ಶನ ತಪ್ಪಬಾರದೆಂದು ಕೊನೆಯ ದಿನದವರೆಗೂ ಹೇಳುತ್ತಿದ್ದರು. ಅವರು ಯಾವ ಪಾಪ ಮಾಡಿದ್ದರು? ದೇಹಕ್ಕೆ ಬರುವುದು ದೇಹಕ್ಕೆ ಬರುತ್ತದೆ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಕೃತಜ್ಞತೆಯ ಬಗ್ಗೆ ಮಾತನಾಡಿರೆಂದು ನನಗೆ ಹೇಳಿದ್ದಾರೆ. ಕಾಯಿಲೆಗೆ ನಾನು ಕೃತಜ್ಞಳಲ್ಲ. ಅದು ನನಗೆ ಯಾವ ಉಪಕಾರವನ್ನೂ ಮಾಡಿಲ್ಲ. ಕೂದಲು ಹೋಯಿತು, ಹೆಜ್ಜೆಯ ಬಲ ಹೋಯಿತು, ಔಷಧಿಯಿಂದ ನರ ಸೊರಗಿ ಅಂಗಾಲಿಗೆ ಜೋಮು ಹಿಡಿಯಿತು. ಚಪ್ಪಲಿ ಜಾರಿ ಹೋದರೂ ತಿಳಿಯುವುದಿಲ್ಲ. ನಾನು ಕೃತಜ್ಞಳಾಗಿರುವುದು ಮನುಷ್ಯರಿಗೆ. ಒಂದು ನೋಟುಬುಕ್ಕಿನ ಎಡಪುಟದಲ್ಲಿ ಔಷಧಿ, ಜ್ವರ, ವಾಂತಿಯ ವಿವರ ಬರೆಯುತ್ತೇನೆ. ಅದು ಡಾಕ್ಟರಿಗೆ ಬೇಕು. ಬಲಪುಟದಲ್ಲಿ ಆ ದಿನ ಯಾರು ಏನು ಮಾಡಿದರೆಂದು ಬರೆಯುತ್ತೇನೆ. ಹೆಸರು ಗೊತ್ತಿಲ್ಲದ ಯಾರೋ ಕೊಟ್ಟ ಒಂದು ಬಾಟಲಿ ರಕ್ತ. ರಾತ್ರಿ ಎರಡು ಗಂಟೆಗೆ ಕೇಳದೆಯೇ ಹಾಸಿಗೆ ಬದಲಿಸಿದ ಆಯಾ. ಓಣಿಯ ಗೆಳತಿ ತಂದ ನುಚ್ಚು ಮಜ್ಜಿಗೆ. ಇದೇ ಗೆಳತಿ ಹನ್ನೊಂದು ಸಲ ಬಂದಿದ್ದಾಳೆ, ಒಮ್ಮೆಯೂ "ಹೆಂಗ ಆತು" ಎಂದು ಕೇಳಿಲ್ಲ. ಓಣಿಯ ಜಗಳಗಳನ್ನೆಲ್ಲ ಹೇಳಿ ನಗಿಸಿ ಹೋಗುತ್ತಾಳೆ. ಎಡಪುಟ ಖಾಲಿ ಇರುವ ದಿನಗಳುಂಟು. ಬಲಪುಟ ಇದುವರೆಗೆ ಖಾಲಿ ಬಿದ್ದಿಲ್ಲ.

ಇನ್ನು ತಿರುಗಾಟದ ಮಾತು. ಚಿಕಿತ್ಸೆ ನಡೆದಿರುವಾಗ ಊರು ಸುತ್ತುವುದೇ ಎಂದು ಹುಬ್ಬೇರಿಸಬೇಡಿ. ಮೂರು ವಾರಕ್ಕೊಮ್ಮೆ ಕೀಮೋ ಹಾಕುವವರಿಗೆ ಸಾಮಾನ್ಯವಾಗಿ ಎರಡನೆಯ ವಾರದಲ್ಲಿ ಬಿಳಿ ರಕ್ತಕಣಗಳು ತೀರ ಕಡಿಮೆಯಾಗುತ್ತವೆ. ಆಗ ಜಾತ್ರೆ, ಮದುವೆ, ಸಂತೆ ಯಾವುದೂ ಬೇಡ. ಮೂರನೆಯ ವಾರ ಮೈ ಚೇತರಿಸಿಕೊಳ್ಳುತ್ತದೆ. ಡಾಕ್ಟರನ್ನು ಕೇಳಿ, ಅವರು ಒಪ್ಪಿದರೆ ಆಗ ಹೊರಡಿ. ಡಿಸ್ಚಾರ್ಜ್ ಕಾರ್ಡಿನ ಜೆರಾಕ್ಸ್, ಔಷಧಿಯ ಚೀಟಿ, ಥರ್ಮಾಮೀಟರ್, ಕುದಿಸಿ ಆರಿಸಿದ ನೀರು ಜೊತೆಗಿರಲಿ. ಹೆಚ್ಚಿಟ್ಟ ಹಣ್ಣು ಬೇಡ, ಬಾಳೆಹಣ್ಣು ಸುಲಿದು ತಿನ್ನಿ. ಬಸ್ಸು ನಿಂತಲ್ಲೆಲ್ಲ ಇಳಿದು ನಾಲ್ಕು ಹೆಜ್ಜೆ ನಡೆಯಿರಿ, ಕಾಲಿನ ರಕ್ತ ಹೆಪ್ಪುಗಟ್ಟಬಾರದು. ಜ್ವರ 100.4 ಡಿಗ್ರಿ ಮುಟ್ಟಿದರೆ ಎಲ್ಲಿದ್ದರೂ ತಡಮಾಡದೆ ಹತ್ತಿರದ ಆಸ್ಪತ್ರೆಗೆ ಹೋಗಿ, ಕೀಮೋ ನಡೆದಿದೆ ಎಂದು ಮೊದಲೇ ಹೇಳಿ.

ಖರ್ಚಿನ ಚಿಂತೆ ಇರುವವರು ಕೇಳಿ. 2023ರ ಜೂನ್‌ನಿಂದ ನಮ್ಮ ಹೆಣ್ಣುಮಕ್ಕಳಿಗೆ ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟಿಗೆ ದುಡ್ಡಿಲ್ಲ. ರೈಲಿನಲ್ಲಿ ಚಿಕಿತ್ಸೆಗೆ ಹೋಗಿ ಬರುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ದರ್ಜೆಯಲ್ಲಿ ಪೂರ್ತಿ ರಿಯಾಯಿತಿ ಇದೆ, ಜೊತೆಗಾರರೊಬ್ಬರಿಗೆ ನೂರಕ್ಕೆ 75ರಷ್ಟು. ಆಸ್ಪತ್ರೆಯಿಂದ ಅದರ ಪ್ರಮಾಣಪತ್ರ ಪಡೆಯಬೇಕು. ಇದು ಚಿಕಿತ್ಸೆಗೆ ಮಾತ್ರ, ಯಾತ್ರೆಗೆ ಅಲ್ಲ.

2024ರ ಜನವರಿಯಲ್ಲಿ ನಾನು, ಸೊಸೆ, ಮೊಮ್ಮಗಳು, ಆ ಓಣಿಯ ಗೆಳತಿ ನಾಲ್ವರೂ ಹುಬ್ಬಳ್ಳಿಯಿಂದ ಗೋಕರ್ಣಕ್ಕೆ ಹೋದೆವು. ಯಜಮಾನರು ಟಿಕೆಟ್ ತೆಗೆದುಕೊಂಡರು, ಅವರೊಬ್ಬರಿಗೇ ಖರ್ಚು! ಕಲಘಟಗಿ, ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿಯುವಾಗ ಗೆಳತಿ ಕಿಟಕಿಯ ಹತ್ತಿರ ಕೂತು ಕಾಡನ್ನು ನೋಡುತ್ತಾ ಮಾತನ್ನೇ ಮರೆತಳು. ಅವಳಿಗೆ ಅರವತ್ತು ದಾಟಿತ್ತು, ಅದುವರೆಗೆ ಸಮುದ್ರ ಕಂಡಿರಲಿಲ್ಲ. ದಂಡೆಯಲ್ಲಿ ನಾನು ಚಪ್ಪಲಿ ಬಿಟ್ಟು ನಿಂತೆ. ಜೋಮು ಹಿಡಿದ ಅಂಗಾಲಿಗೆ ಮರಳು ತಾಗಿದ್ದೇ ತಿಳಿಯಲಿಲ್ಲ. ತೆರೆ ಬಂದು ಮೀನಖಂಡದವರೆಗೆ ಏರಿದಾಗ ನೀರು ತಣ್ಣಗೆ ಹತ್ತಿತು. ಮೊಮ್ಮಗಳು ಕೈ ಹಿಡಿದು, "ಅಜ್ಜೀ, ಗೊತ್ತಾತೇನು?" ಎಂದಳು. "ಗೊತ್ತಾತವ್ವಾ, ಇಲ್ಲಿ ಗೊತ್ತಾತು" ಎಂದು ಮೊಳಕಾಲಿನ ಕೆಳಗೆ ತೋರಿಸಿದೆ. ಆಮೇಲೆ ಪ್ರತಿ ತೆರೆಗೂ ಅವಳದು ಅದೇ ಪ್ರಶ್ನೆ. ಒಂದು ತಾಸು ನಿಂತೆವು. ಬುತ್ತಿಯ ರೊಟ್ಟಿಗೆ ಮರಳು ಬಿದ್ದಿತ್ತು, ಕೊಡವಿಕೊಂಡು ತಿಂದೆವು.

ಆ ವರ್ಷದ ಔಷಧಿ ಹಿಡಿಯಿತು, ಎರಡು ವರ್ಷ ಸಿಕ್ಕಿತು. ಈ ಸಲ ಎಷ್ಟು ಸಿಗುತ್ತದೆಂದು ಡಾಕ್ಟರೂ ಹೇಳಲಾರರು, ನಾನೂ ಕೇಳಿಲ್ಲ. ಇನ್ನೆರಡು ಕೀಮೋ ಬಾಕಿ ಇವೆ. ಕೊನೆಯದು ಮುಗಿದ ಮೂರನೆಯ ವಾರಕ್ಕೆ ಬಾದಾಮಿ, ಪಟ್ಟದಕಲ್ಲು ಎಂದು ಗೆಳತಿ ಆಗಲೇ ಗೊತ್ತುಮಾಡಿದ್ದಾಳೆ. ಮೆಟ್ಟಿಲು ಹತ್ತಲಾಗದಿದ್ದರೆ ಕೆಳಗೆ ಅಗಸ್ತ್ಯತೀರ್ಥದ ದಂಡೆಯಲ್ಲಿ ಕೂತಿರುತ್ತೇನೆ.

ಊಟದ ಗಂಟೆ ಬಾರಿಸಿತು. ಯಾರಿಗಾದರೂ ಏನಾದರೂ ಕೇಳುವುದಿದ್ದರೆ ಸಾಯಂಕಾಲದವರೆಗೆ ನಾನು ಡೇ ಕೇರ್ ವಾರ್ಡಿನಲ್ಲಿ, ಕಿಟಕಿ ಪಕ್ಕದ ಮಂಚದಲ್ಲಿರುತ್ತೇನೆ. ಸಲೈನು ಹನಿಯುತ್ತಿರುತ್ತದೆ, ಮಾತಿಗೆ ಬೇಕಾದಷ್ಟು ಹೊತ್ತಿರುತ್ತದೆ.