ಭಾರಿ ಹೊರೆಗಳೂ ನಮ್ಮ ರಸ್ತೆಗಳೂ



ಹೊರೆಯನ್ನು ಹೊರುವುದು ಲಾರಿ ಎಂದು ನಾವು ಸಾಮಾನ್ಯವಾಗಿ ಭಾವಿಸಿರುವೆವು. ವಾಸ್ತವವಾಗಿ ಅದನ್ನು ಹೊರುವುದು ರಸ್ತೆ. ಲಾರಿಯು ಆ ಭಾರವನ್ನು ರಸ್ತೆಗೆ ಹಂಚಿಕೊಡುವ ಸಾಧನ. ಹಂಚಿಕೆ ಸರಿಯಾದರೆ ಬೆಟ್ಟವನ್ನೇ ಸಾಗಿಸಬಹುದು. ತಪ್ಪಿದರೆ ಹತ್ತು ಟನ್ನಿನ ಪೆಟ್ಟಿಗೆಯೂ ಪ್ರಾಣಹಾನಿಗೆ ಕಾರಣವಾದೀತು. ಈ ದಿನ ಆ ಹಂಚಿಕೆಯ ವಿಚಾರವನ್ನೇ ಮುಖ್ಯವಾಗಿ ತಮ್ಮ ಮುಂದೆ ಇಡಬೇಕೆಂದಿದ್ದೇವೆ.

ಈ ಕಾರ್ಯವು ನಮ್ಮ ನಾಡಿಗೆ ಹೊಸದೇನೂ ಅಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುಚ್ಛಕ್ತಿಯು ಹರಿಯುವುದಕ್ಕೆ ಮುಂಚೆ, ಅದನ್ನು ಹುಟ್ಟಿಸುವ ಯಂತ್ರಗಳು ಹಡಗಿನಲ್ಲಿಯೂ ರೈಲಿನಲ್ಲಿಯೂ ಬಂದುವು. ಕಡೆಯ ದಾರಿಯಲ್ಲಿ ಅವನ್ನು ಆನೆಗಳೂ ಗಾಡಿಗಳೂ ಸಾಗಿಸಬೇಕಾಯಿತು. 1973ರಲ್ಲಿ, ಶಿಲ್ಪಿ ರೆಂಜಾಳ ಗೋಪಾಲಕೃಷ್ಣ ಶೆಣೈಯವರು ಕಾರ್ಕಳದಲ್ಲಿ ಕಡೆದ 39 ಅಡಿಯ ಬಾಹುಬಲಿಯ ಏಕಶಿಲಾಮೂರ್ತಿಯು ಬಹುಚಕ್ರಗಳ ಗಾಡಿಯ ಮೇಲೆ ಮಲಗಿ ಧರ್ಮಸ್ಥಳವನ್ನು ಸೇರಿತು.

ಆದರೆ ಇವೆಲ್ಲಕ್ಕಿಂತ ಹೆಚ್ಚು ಪಾಠವನ್ನು ಕಲಿಸತಕ್ಕದ್ದು ಈಚಿನ ಒಂದು ಪ್ರಯಾಣ. ತಮಿಳುನಾಡಿನ ವಂದವಾಸಿಯ ಬಳಿ, ಕೊರಕೋಟೈ ಎಂಬ ಹಳ್ಳಿಯಲ್ಲಿ ದೊರೆತ ಬಂಡೆಯಿಂದ ರೂಪುಗೊಂಡ ಮಹಾವಿಷ್ಣುವಿನ ಮೂರ್ತಿಯು ಬೆಂಗಳೂರಿನ ಈಜಿಪುರಕ್ಕೆ ಬರಬೇಕಾಗಿತ್ತು. ಭಾರವು 300 ಟನ್ನಿಗೂ ಮಿಗಿಲು. ಗಾಡಿಗೆ 240 ಚಕ್ರಗಳು. ಮಾಮೂಲು ಲಾರಿಯು ಒಂದು ಹಗಲಿನಲ್ಲಿ ಕ್ರಮಿಸುವ ದಾರಿ ಅದು. 2018ರ ಡಿಸೆಂಬರಿನಲ್ಲಿ ಹೊರಟ ಮೂರ್ತಿಯು ಈಜಿಪುರವನ್ನು ತಲಪಿದುದು 2019ರ ಜೂನ್ ತಿಂಗಳಿನಲ್ಲಿ!

ಇಷ್ಟು ತಡವೇಕೆ? ಸಣ್ಣದೊಂದು ಲೆಕ್ಕವನ್ನು ಮಾಡಿ ನೋಡೋಣ. ಆ ಹೊರೆಗೆ ಗಾಡಿಯ ಸ್ವಂತ ತೂಕವನ್ನೂ ಕೂಡಿಸಿ 240 ಚಕ್ರಗಳಿಗೆ ಹಂಚಿದರೆ, ಒಂದೊಂದು ಚಕ್ರದ ಪಾಲಿಗೆ ಬರುವುದು ಎರಡು ಟನ್ನಿನ ಆಸುಪಾಸು. ನಾಲ್ಕು ಚಕ್ರಗಳುಳ್ಳ ಒಂದು ಅಚ್ಚಿನ ಮೇಲೆ 11.5 ಟನ್ನುಗಳನ್ನು ಹೇರಬಹುದೆಂದು ನಮ್ಮ ದೇಶದಲ್ಲಿ 2018ರಲ್ಲಿ ಗೊತ್ತುಮಾಡಲಾಯಿತು. ಎಂದರೆ ಚಕ್ರವೊಂದಕ್ಕೆ ಮೂರು ಟನ್ನಿಗೆ ಸಮೀಪ. ಆದುದರಿಂದ ಆ ಮಹಾಮೂರ್ತಿಯ ಗಾಡಿಯು ರಸ್ತೆಯನ್ನು ಒತ್ತಿದುದು ಇಟ್ಟಿಗೆಯ ಲಾರಿಗಿಂತಲೂ ಮೆಲ್ಲಗೆ! ಅಮೆರಿಕದ ಇಲಿನಾಯ್ ಪ್ರಾಂತದಲ್ಲಿ 1958ರಿಂದ 1960ರವರೆಗೆ ನಡೆದ ಪರೀಕ್ಷೆಯಿಂದ, ಅಚ್ಚಿನ ಮೇಲಣ ಭಾರವು ಇಮ್ಮಡಿಯಾದರೆ ರಸ್ತೆಯ ಸವೆತವು ಹೆಚ್ಚುಕಡಮೆ 16 ಮಡಿಯಾಗುವುದೆಂದು ತಿಳಿದುಬಂದಿದೆ. ಮಿತಿಮೀರಿ ಮರಳು ತುಂಬಿ ರಾತ್ರಿಯಲ್ಲಿ ಓಡುವ ಲಾರಿಗಳನ್ನು ಕಂಡು ಸುಮ್ಮನಿರುವ ನಾವು, ಇಂತಹ ದೊಡ್ಡ ಗಾಡಿಯು ಬಂದಾಗ ಮಾತ್ರ ರಸ್ತೆಯು ಹಾಳಾಯಿತೆಂದು ಗೋಳಿಡುವುದು ವಿಚಿತ್ರವಾಗಿದೆ.

ಸೇತುವೆಯ ಲೆಕ್ಕವೇ ಬೇರೆ. ರಸ್ತೆಯು ಒಂದೊಂದು ಚಕ್ರವನ್ನು ಬಿಡಿಬಿಡಿಯಾಗಿ ತಾಳುತ್ತದೆ. ಸೇತುವೆಯಾದರೋ ಎರಡು ಕಂಬಗಳ ನಡುವೆ ನಿಂತಿರುವ ಭಾರವನ್ನೆಲ್ಲ ಒಟ್ಟಾಗಿ ತಾಳಬೇಕು. ಚಕ್ರಗಳನ್ನು ಎಷ್ಟು ಹೆಚ್ಚಿಸಿದರೂ ಒಂದೇ ಕಣ್ಣಿನ ಮೇಲೆ ಅವೆಲ್ಲವೂ ನೆರೆದರೆ ಪ್ರಯೋಜನವಿಲ್ಲ. ಆದಕಾರಣವೇ ದಾರಿಯಲ್ಲಿ ಸೇತುವೆಗಳನ್ನು ಬಿಟ್ಟು, ಪಕ್ಕದಲ್ಲಿ ಮಣ್ಣಿನ ದಾರಿಗಳನ್ನು ಕಟ್ಟಬೇಕಾಯಿತು. ಹೊಸೂರಿನ ಬಳಿ ನದಿಗೆ ಅಡ್ಡಲಾಗಿ ಹಾಕಿದ ಇಂತಹ ದಾರಿಯು ಮಳೆಗೆ ಕೊಚ್ಚಿಹೋಯಿತು. ಇದಕ್ಕೆ ಮುಂಚೆ ಸೆಂಜಿಯ ಪೇಟೆಯಲ್ಲಿ ಅಗಲ ಸಾಲದೆ ಅಂಗಡಿಗಳ, ಮನೆಗಳ ಭಾಗಗಳನ್ನು ಕೆಡವಿದ್ದರು. ಹೊರೆಯ ಅಳತೆಯನ್ನು ನಿಶ್ಚಯಿಸುವುದಕ್ಕೆ ಮೊದಲು ದಾರಿಯನ್ನು ಅಳೆಯತಕ್ಕದ್ದೆಂಬುದು ನಮ್ಮ ದೃಢವಾದ ಅಭಿಪ್ರಾಯ. ಅದು ದೇವರಾಗಲಿ, ಕಾರ್ಖಾನೆಯ ಯಂತ್ರವಾಗಲಿ, ದಾರಿಯ ಬದಿಯ ಬಡವನ ಗೋಡೆಯು ಸಾಗಣೆಯ ವೆಚ್ಚದಲ್ಲಿ ಮೊದಲೇ ಸೇರಿರಬೇಕು.

ಇನ್ನು ಗಾಡಿಯ ರಚನೆ. ಇಂತಹ ಗಾಡಿಗಳಲ್ಲಿ ಪ್ರತಿಯೊಂದು ಅಚ್ಚೂ ಎಣ್ಣೆಯ ಒತ್ತಡದಿಂದ ಮೇಲೇರುವ, ಕೆಳಗಿಳಿಯುವ ಕಂಬದ ಮೇಲೆ ನಿಂತಿರುತ್ತದೆ. ಕೊಳವೆಗಳು ಅವನ್ನು ಒಂದಕ್ಕೊಂದು ಕೂಡಿಸಿರುವುದರಿಂದ, ಕೂಡಿದ ಪಾತ್ರೆಗಳಲ್ಲಿ ನೀರು ಸಮನಾಗುವಂತೆ, ಹಳ್ಳಕ್ಕೆ ಇಳಿದ ಚಕ್ರವೂ ದಿಣ್ಣೆಯನ್ನು ಏರಿದ ಚಕ್ರವೂ ಸಮಭಾರವನ್ನೇ ಹೊರುತ್ತವೆ. ಈ ಕೊಳವೆಗಳನ್ನು ಸಾಮಾನ್ಯವಾಗಿ ಮೂರು ಗುಂಪುಗಳಾಗಿ ವಿಭಾಗಿಸುವರು. ಆಗ ನೂರಾರು ಚಕ್ರಗಳ ಗಾಡಿಯು ಮೂರು ಕಾಲಿನ ಮಣೆಯಂತೆ ವರ್ತಿಸುತ್ತದೆ. ಹೊರೆಯ ಗುರುತ್ವಕೇಂದ್ರವು ಆ ಮೂರು ಕಾಲುಗಳ ತ್ರಿಕೋನದೊಳಗೇ ಬೀಳಬೇಕು. ರಸ್ತೆಯು ಒಂದು ಕಡೆಗೆ ಓರೆಯಾದಲ್ಲಿ ಎತ್ತರವಾದ ಹೊರೆಯ ಕೇಂದ್ರವು ತ್ರಿಕೋನದ ಅಂಚಿಗೆ ಸರಿಯುತ್ತದೆ. ಅಂಚನ್ನು ದಾಟಿತೋ, ಮಗುಚಿತು.

"ಇಷ್ಟು ತೂಕದ್ದು ಎಲ್ಲಿಗೆ ತಾನೆ ಜಾರೀತು?" ಎಂದು ಸರಪಣಿಗಳನ್ನು ಸಡಿಲವಾಗಿ ಬಿಗಿಯುವವರುಂಟು. ಇದಕ್ಕಿಂತ ಅಪಾಯಕರವಾದ ಭಾವನೆ ಮತ್ತೊಂದಿಲ್ಲ. ತೂಕವು ಎಷ್ಟು ಹೆಚ್ಚೋ, ಓಟವನ್ನು ಮುಂದುವರಿಸುವ ಅದರ ಹಟವೂ ಅಷ್ಟೇ ಹೆಚ್ಚು. ತಟಕ್ಕನೆ ಬ್ರೇಕು ಹಾಕಿದಾಗ ಹೊರೆಯು ತನ್ನ ತೂಕದ ಹತ್ತರಲ್ಲಿ ಎಂಟು ಪಾಲಿನಷ್ಟು ಬಲದಿಂದ ಮುಂದಕ್ಕೂ, ತಿರುವಿನಲ್ಲಿ ಅರ್ಧದಷ್ಟು ಬಲದಿಂದ ಪಕ್ಕಕ್ಕೂ ನುಗ್ಗಬಹುದೆಂದು ಎಣಿಸಿ ಕಟ್ಟುವುದು ಯೂರೋಪಿನ ಪದ್ಧತಿ. ಉಕ್ಕಿನ ಮೇಲೆ ಉಕ್ಕು ಸುಲಭವಾಗಿ ಜಾರುವುದರಿಂದ ನಡುವೆ ರಬ್ಬರಿನ ಹಾಸನ್ನೋ ಮರದ ಹಲಗೆಯನ್ನೋ ಇಡುವರು. ಸ್ವಲ್ಪ ದೂರ ಹೋದಮೇಲೆ ನಿಲ್ಲಿಸಿ ಸರಪಣಿಗಳನ್ನು ಮತ್ತೆ ಬಿಗಿಯಲೇಬೇಕು. ಘಟ್ಟವನ್ನು ಇಳಿಯುವಾಗ ಹಿಂದಿನಿಂದ ಹಿಡಿದೆಳೆಯಲು ಇನ್ನೊಂದು ಎಂಜಿನನ್ನು ಕಟ್ಟುವುದೂ ಉಂಟು.

ಎತ್ತರದ ವಿಷಯದಲ್ಲಿ ಒಂದು ಮಾತು ಸಾಕು. ರೈಲುದಾರಿಯ ಮೇಲಣ ತಂತಿಯಲ್ಲಿ 25,000 ವೋಲ್ಟಿನ ವಿದ್ಯುತ್ತು ಹರಿಯುತ್ತದೆ. ಹೊರೆಯು ಅದನ್ನು ಮುಟ್ಟಬೇಕಾಗಿಯೇ ಇಲ್ಲ, ತೀರ ಸಮೀಪಿಸಿದರೂ ಕಿಡಿಯು ಹಾರೀತು. ರೈಲುಗೇಟಿನ ಎರಡು ಕಡೆಗೂ ನಿಲ್ಲಿಸಿರುವ ಎತ್ತರದ ಚೌಕಟ್ಟನ್ನು ಬೇಸರದಿಂದ ನೋಡುವ ಚಾಲಕರು ಇದನ್ನು ನೆನೆಯತಕ್ಕದ್ದು.

ಚಿತ್ರದುರ್ಗ, ಗದಗುಗಳ ಕಡೆಗೆ ಪ್ರಯಾಣಮಾಡುವವರು ಗಾಳಿಯಂತ್ರದ ರೆಕ್ಕೆಗಳನ್ನು ಹೊತ್ತ ಗಾಡಿಗಳನ್ನು ದಾರಿಯಲ್ಲಿ ಕಾಣಬಹುದು. ಇವುಗಳಲ್ಲಿ 60 ಮೀಟರಿಗೂ ಉದ್ದವಾದುವು ಇವೆ. ತೂಕಕ್ಕಿಂತ ಇವುಗಳ ಉದ್ದವೇ ತೊಡಕು. ಮುಂಭಾಗವು ಎಡಕ್ಕೆ ತಿರುಗಿದರೆ ಚಕ್ರಗಳಿಂದ ಹಿಂದಕ್ಕೆ ಚಾಚಿದ ತುದಿಯು ಬಲಕ್ಕೆ, ರಸ್ತೆಯ ಹೊರಗಿನವರೆಗೂ ಬೀಸುತ್ತದೆ. ಆದುದರಿಂದ ಕೆಂಪು ಬಾವುಟದ ಬೆಂಗಾವಲು ಗಾಡಿಗೂ ಹೊರೆಗೂ ನಡುವೆ ತಮ್ಮ ಮೋಟಾರನ್ನು ನುಗ್ಗಿಸಬಾರದು. ತಿರುವು ಮುಗಿದು, ಬೆಂಗಾವಲಿನವನು ಕೈಬೀಸಿ ಕರೆಯುವ ತನಕ ಹಿಂದೆಯೇ ನಿಂತಿರಬೇಕು.