ಮಂತ್ರಿಮಂಡಲದ ಆಯುಸ್ಸು



“ಈ ಸರ್ಕಾರ ಎಷ್ಟು ದಿನ ಬಾಳೀತು?” ಎಂದು ಚಹದಂಗಡಿಯಲ್ಲಿ ಎಲ್ಲರೂ ಕೇಳುತ್ತಾರೆ. ಬಾಳಿದಷ್ಟು ದಿನ ಅದು ಯಾರ ಕೆಲಸ ಮಾಡಿತು ಎಂದು ಕೇಳುವವರು ಕಡಿಮೆ.

ಫ್ರಾನ್ಸ್ ದೇಶವನ್ನು ನೋಡಿ. 1870ರಿಂದ 1940ರವರೆಗೆ ಅಲ್ಲಿ ಸುಮಾರು ನೂರು ಮಂತ್ರಿಮಂಡಲಗಳು ಬಂದುಹೋದವು. ಸರಾಸರಿ ಎಂಟು ತಿಂಗಳ ಬಾಳು! ಹೆಚ್ಚಿನವುಗಳ ಹೆಸರು ಯಾರಿಗೆ ನೆನಪಿದ್ದೀತು? ಆ ಸಾಲಿನಲ್ಲೇ 1936ರ ಜೂನಿನಲ್ಲಿ ಸಮಾಜವಾದಿ ಲಿಯಾನ್ ಬ್ಲುಮ್ ಪ್ರಧಾನಿಯಾದರು. ಆಗ ಲಕ್ಷಾಂತರ ಕಾರ್ಮಿಕರು ಕಾರ್ಖಾನೆಗಳ ಒಳಗೇ ಕುಳಿತು ಮುಷ್ಕರ ಹೂಡಿದ್ದರು. ಮೂರೇ ವಾರದೊಳಗೆ ವಾರಕ್ಕೆ 40 ಗಂಟೆಯ ದುಡಿಮೆ, ವರ್ಷಕ್ಕೆ ಎರಡು ವಾರ ಸಂಬಳಸಹಿತ ರಜೆ, ಎರಡೂ ಕಾನೂನಾದವು. ಕೂಲಿ ನೂರಕ್ಕೆ 7ರಿಂದ 15ರಷ್ಟು ಏರಿತು. ಹುಟ್ಟಿದ ಮೇಲೆ ಸಮುದ್ರವನ್ನೇ ಕಾಣದ ಕಾರ್ಮಿಕರು ಆ ಬೇಸಿಗೆಯಲ್ಲಿ ಹೆಂಡತಿ ಮಕ್ಕಳೊಡನೆ ಕಡಲ ದಂಡೆಗೆ ಹೋದರು.

ಬಂಡವಾಳಗಾರರು ಸುಮ್ಮನಿದ್ದರೇ? ಹಣವನ್ನು ಗಡಿ ದಾಟಿಸಿದರು. ಬೆಲೆಗಳು ಏರಿ, ಹೆಚ್ಚಿದ ಕೂಲಿಯನ್ನು ನುಂಗತೊಡಗಿದವು. ಅದರ ಫಲವನ್ನು ಅಂಗಡಿಕಾರರಿಗೆ ನಾನು ಹೇಳಬೇಕಾಗಿಲ್ಲ. ಗಿರಾಕಿಯ ಕೈ ಬರಿದಾದರೆ ದಪ್ಪವಾಗುವುದು ಉದ್ರಿ ಪುಸ್ತಕ. 1937ರ ಜೂನಿನಲ್ಲಿ ಹಣಕಾಸಿನ ವಿಶೇಷಾಧಿಕಾರ ಕೊಡಲು ಸೆನೆಟ್ ಸಭೆ ಒಪ್ಪಲಿಲ್ಲ. ಬ್ಲುಮ್ ರಾಜೀನಾಮೆಯಿತ್ತರು. ಆಳಿದ್ದು ಒಂದು ವರ್ಷ, ಮೇಲೆ ಕೆಲವು ದಿನ.

1938ರ ನವೆಂಬರಿನಲ್ಲಿ ಬೇರೊಂದು ಸರ್ಕಾರ 40 ಗಂಟೆಯ ಕಾನೂನನ್ನು ಸಡಿಲಿಸಿತು. ಅದನ್ನು ತಡೆಯಲು ಹೂಡಿದ ಮುಷ್ಕರ ಮುರಿದುಬಿತ್ತು. ರಜೆಯನ್ನು ಮಾತ್ರ ಕಿತ್ತುಕೊಳ್ಳಲಾಗಲಿಲ್ಲ. 1956ರಲ್ಲಿ ಅದು ಮೂರು ವಾರವಾಯಿತು. ಹಾಗೆ ಏರಿಸಿದ ಸರ್ಕಾರವೂ ಒಂದೂವರೆ ವರ್ಷ ಬಾಳಲಿಲ್ಲ. 1982ರಲ್ಲಿ ಐದು ವಾರವಾಯಿತು.